ತಿಂಗಳಿಗೆ ಶೇ 3 ಲಾಭ ಎನ್ನುವವರ ಕಾಗದ ಓದುವುದು ಹೇಗೆ, ದೂರು ಕೊಡುವುದು ಎಲ್ಲಿ

2019ರ ಜೂನ್‌ನಲ್ಲಿ ಪ್ರತಿ ತಿಂಗಳು ಲಾಭ ಕೊಡುತ್ತೇವೆ ಎಂದು ಜನರಿಂದ ಹಣ ಪಡೆಯುತ್ತಿದ್ದ ಬೆಂಗಳೂರಿನ ಶಿವಾಜಿನಗರದ ಐ ಮಾನಿಟರಿ ಅಡ್ವೈಸರಿ, ಜನರ ಬಾಯಲ್ಲಿ ಐಎಂಎ, ಬಾಗಿಲು ಹಾಕಿತು. ಸ್ಥಾಪಕ ಮೊಹಮ್ಮದ್ ಮನ್ಸೂರ್ ಖಾನ್ ಅಷ್ಟರಲ್ಲಿ ದುಬೈ ಸೇರಿದ್ದರು. ಜುಲೈ 19ರಂದು ದೆಹಲಿಗೆ ವಾಪಸಾದಾಗ ಅವರ ಬಂಧನವಾಯಿತು. ತನಿಖಾ ಸಂಸ್ಥೆಗಳ ಪ್ರಕಾರ ಜನರಿಂದ ಸಂಗ್ರಹವಾದ ಮೊತ್ತ ಸುಮಾರು 4,000 ಕೋಟಿ ರೂಪಾಯಿ. ಜಾರಿ ನಿರ್ದೇಶನಾಲಯ ಆರಂಭದಲ್ಲಿ ಜಪ್ತಿ ಮಾಡಿದ ಆಸ್ತಿ 209 ಕೋಟಿ. ಸಂಸ್ಥೆ ಶುರುವಾಗಿದ್ದು 2006ರಲ್ಲಿ. ಹದಿಮೂರು ವರ್ಷ ನಡುಬೀದಿಯಲ್ಲಿ, ಬೋರ್ಡು ಹಾಕಿಕೊಂಡು, ಚಿನ್ನದಂಗಡಿ ತೆರೆದುಕೊಂಡು ನಡೆದ ವ್ಯವಹಾರ ಅದು.

ಆ ಹದಿಮೂರು ವರ್ಷ ಸರ್ಕಾರಿ ಕಚೇರಿಗಳಿಗೆ ಸುಳಿವೇ ಇರಲಿಲ್ಲವೆಂದಲ್ಲ. ರಿಸರ್ವ್ ಬ್ಯಾಂಕ್ ಈ ಹೆಸರನ್ನು, ನಿಯಂತ್ರಣ ಸಂಸ್ಥೆಗಳೆಲ್ಲ ಸೇರುವ ರಾಜ್ಯ ಮಟ್ಟದ ಸಮನ್ವಯ ಸಮಿತಿಯಲ್ಲಿ ಮೊದಲೇ ಎತ್ತಿತ್ತು, ರಾಜ್ಯ ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟಿತ್ತು. 2018ರ ನವೆಂಬರ್‌ನಲ್ಲಿ ಕಂದಾಯ ಇಲಾಖೆ, ಐಎಂಎ ವಿರುದ್ಧ ದೂರು ಇದ್ದವರು ಬನ್ನಿ ಎಂದು ಸಾರ್ವಜನಿಕ ಪ್ರಕಟಣೆಯನ್ನೂ ಹೊರಡಿಸಿತು. ತಿಂಗಳು ತಿಂಗಳು ಹಣ ಕೈಗೆ ಬರುತ್ತಿರುವಾಗ ಯಾರು ಹೋಗುತ್ತಾರೆ? ಹೂಡಿಕೆದಾರರು ಹೋಗಲಿಲ್ಲ. ಅಕ್ರಮ ಕಂಡುಬಂದಿಲ್ಲ ಎಂಬ ವರದಿಯೊಂದಿಗೆ ಕಡತ ಮುಚ್ಚಿತು. ಸಂಸ್ಥೆ ಮುಳುಗಿದ ಮೇಲೆ, ಇದೇ ವಿಚಾರಣೆಗೆ ಸಂಬಂಧಪಟ್ಟ ಕಂದಾಯ ಅಧಿಕಾರಿಗಳನ್ನು ಲಂಚದ ಆರೋಪದ ಮೇಲೆ ವಿಶೇಷ ತನಿಖಾ ತಂಡ ಬಂಧಿಸಿತು. ಪ್ರಕರಣ ಆ ವರ್ಷದ ಆಗಸ್ಟ್ ಕೊನೆಗೆ ಸಿಬಿಐಗೆ ಹೋಯಿತು.

ಲಂಚದ ಆರೋಪವನ್ನು ಬದಿಗಿಟ್ಟು ನೋಡಿದರೂ ಇಲ್ಲಿ ವ್ಯವಸ್ಥೆಯ ದೋಷ ಎದ್ದು ಕಾಣುತ್ತದೆ. ನಮ್ಮ ನಿಯಂತ್ರಣ ಕಚೇರಿಗಳು ದೂರು ಬಂದಾಗ ಏಳುತ್ತವೆ. ಈ ಬಗೆಯ ಮೋಸದಲ್ಲಿ ದೂರು ಬರುವುದು ಹಣ ಖಾಲಿಯಾದ ಮೇಲೆ. ಹಾಗಾಗಿ ಹೂಡಿಕೆದಾರ ಮಾಡಬೇಕಾದ ಕೆಲಸ ಎರಡು: ಕಚೇರಿಗಳು ನೋಡದ ಕಾಗದವನ್ನು ತಾನೇ ನೋಡುವುದು, ಲಾಭ ಇನ್ನೂ ಬರುತ್ತಿರುವಾಗಲೇ ಅನುಮಾನವನ್ನು ಬರಹದಲ್ಲಿ ದಾಖಲಿಸುವುದು. ಎರಡನೆಯದನ್ನು ಮಾಡುವವರು ತೀರಾ ಕಡಿಮೆ. ಅದಕ್ಕೇ ಈ ಲೇಖನದಲ್ಲಿ ಅದಕ್ಕೆ ಹೆಚ್ಚು ಜಾಗ.

ಹಂತ 1: ಮೊದಲು ಲೆಕ್ಕ ಹಾಕಿ

ತಿಂಗಳಿಗೆ ಶೇ 3 ಎಂದರೆ ವರ್ಷಕ್ಕೆ ಶೇ 36. ಲಾಭವನ್ನು ಅಲ್ಲೇ ಮರುಹೂಡಿಕೆ ಮಾಡಿದರೆ ಶೇ 42 ದಾಟುತ್ತದೆ. ಬ್ಯಾಂಕಿನ ನಿಶ್ಚಿತ ಠೇವಣಿ ಶೇ 6–7ರ ಆಸುಪಾಸಿನಲ್ಲಿದೆ. ಸಾರ್ವಜನಿಕ ಠೇವಣಿ ಪಡೆಯಲು ರಿಸರ್ವ್ ಬ್ಯಾಂಕಿನ ಅನುಮತಿ ಇರುವ ಬ್ಯಾಂಕೇತರ ಹಣಕಾಸು ಸಂಸ್ಥೆಯೂ ವರ್ಷಕ್ಕೆ ಶೇ 12.5ಕ್ಕಿಂತ ಹೆಚ್ಚು ಬಡ್ಡಿ ಕೊಡುವಂತಿಲ್ಲ. ಅವಧಿ ಒಂದರಿಂದ ಐದು ವರ್ಷ. ಇದೊಂದು ಸಂಖ್ಯೆ ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಠೇವಣಿ ಎಂದು ಹೇಳಿ 12.5ಕ್ಕಿಂತ ಮೇಲೆ ಕೊಡುತ್ತೇನೆ ಎನ್ನುವ ಹಣಕಾಸು ಸಂಸ್ಥೆ ನಿಯಮ ಮುರಿಯುತ್ತಿದೆ, ಇಲ್ಲವೇ ಅದು ನಿಯಂತ್ರಣದಲ್ಲೇ ಇಲ್ಲ.

"ಎರಡು ವರ್ಷದಿಂದ ನಮ್ಮ ಭಾವನಿಗೆ ಒಂದು ತಿಂಗಳೂ ತಪ್ಪದೆ ಬರ್ತಿದೆ" ಎಂಬ ಮಾತು ಎಲ್ಲರ ಬಾಯಿ ಮುಚ್ಚಿಸುತ್ತದೆ. ಇದನ್ನೂ ಲೆಕ್ಕ ಹಾಕಿ ನೋಡಿ. 1,000 ಜನ ತಲಾ ಒಂದು ಲಕ್ಷ ಕೊಟ್ಟರು ಎನ್ನಿ. ಒಟ್ಟು 10 ಕೋಟಿ. ತಿಂಗಳಿಗೆ ಶೇ 3 ಎಂದರೆ 30 ಲಕ್ಷ. ಯಾವ ವ್ಯಾಪಾರವನ್ನೂ ಮಾಡದೆ, ಹೊಸಬರು ಒಬ್ಬರೂ ಬರದೆ, ಬರೀ ಅವರ ಹಣವನ್ನೇ ಅವರಿಗೆ ಹಂಚಿದರೂ 33 ತಿಂಗಳು ನಡೆಯುತ್ತದೆ. ಹೆಚ್ಚುಕಡಿಮೆ ಎರಡು ಮುಕ್ಕಾಲು ವರ್ಷ. ಅಷ್ಟು ದಿನ ಹಣ ತಪ್ಪದೆ ಬಂದಿದ್ದು ವ್ಯವಹಾರ ಚೆನ್ನಾಗಿದೆ ಎಂಬುದಕ್ಕೆ ಸಾಕ್ಷಿಯೇ ಅಲ್ಲ. ಹೊಸ ಹಣ ಬರುತ್ತಾ ಹೋದರೆ, ಬಂದ ಲಾಭವನ್ನು ಜನ ಮತ್ತೆ ಅಲ್ಲೇ ಹಾಕುತ್ತಾ ಹೋದರೆ, ಹತ್ತು ವರ್ಷವೂ ಎಳೆಯಬಹುದು.

ಇನ್ನೊಂದು ಕಡೆಯಿಂದಲೂ ನೋಡಿ. ನಿಮಗೆ ಶೇ 36 ಕೊಟ್ಟು, ಏಜೆಂಟರಿಗೆ ಕಮಿಷನ್ ಕೊಟ್ಟು, ಅಂಗಡಿ ಬಾಡಿಗೆ, ಸಂಬಳ ಕಟ್ಟಿ ಉಳಿಸಿಕೊಳ್ಳಬೇಕಾದರೆ ಆ ವ್ಯಾಪಾರ ವರ್ಷಕ್ಕೆ ಶೇ 50ರ ಹತ್ತಿರ ದುಡಿಯಬೇಕು. ಅಷ್ಟು ದುಡಿಯುವವನಿಗೆ ಬ್ಯಾಂಕು ಶೇ 12ಕ್ಕೋ 14ಕ್ಕೋ ಸಾಲ ಕೊಡುತ್ತದೆ. ಅದನ್ನು ಬಿಟ್ಟು ನಿಮ್ಮ ಮನೆ ಬಾಗಿಲಿಗೆ ಏಕೆ ಬಂದ ಎಂದು ಕೇಳಿ. ಧರ್ಮ, ಜಾತಿ, ಊರು, ಮಠದ ಹೆಸರು ಉತ್ತರವಾಗಿ ಬಂದರೆ ಅಲ್ಲಿಗೆ ನಿಲ್ಲಿಸಿ. ಐಎಂಎ ಬಡ್ಡಿರಹಿತ, ಧರ್ಮಸಮ್ಮತ ಲಾಭ ಎಂಬ ಹೆಸರಿನಲ್ಲೇ ಬೆಳೆಯಿತು. ಐಎಂಎ ಮುಚ್ಚುವ ಸುಮಾರು ಒಂದು ವರ್ಷ ಮೊದಲು ಬೆಂಗಳೂರಿನಲ್ಲೇ ಕುಸಿದ ಆಂಬಿಡೆಂಟ್ ಎಂಬ ಹೂಡಿಕೆ ಸಂಸ್ಥೆಯದ್ದೂ ಅದೇ ದಾರಿ. ನಂಬಿಕೆ ಇರುವ ಕಡೆ ಪ್ರಶ್ನೆ ಕೇಳುವುದು ಅವಮಾನ ಎನ್ನಿಸುತ್ತದಲ್ಲ, ಇಂಥವರ ನಿಜವಾದ ಬಂಡವಾಳ ಅದೇ.

ಹಂತ 2: ಕೈಗೆ ಕೊಡುವ ಕಾಗದದಲ್ಲಿ ನಿಮ್ಮನ್ನು ಏನೆಂದು ಬರೆದಿದ್ದಾರೆ?

ಇಲ್ಲಿ ನಿಧಾನವಾಗಿ ಓದಿ. ಏಜೆಂಟ್ ಬಾಯಲ್ಲಿ ಅದು "ಡೆಪಾಸಿಟ್". ಕಾಗದದಲ್ಲಿ ಬೇರೆ ಏನೋ ಇರುತ್ತದೆ. ಐಎಂಎ ಹಣ ಪಡೆದಿದ್ದು ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಸಂಸ್ಥೆಗಳ, ಅಂದರೆ ಎಲ್‌ಎಲ್‌ಪಿಗಳ, ಮೂಲಕ. ಹಣ ಕೊಟ್ಟವರು ಠೇವಣಿದಾರರಲ್ಲ, "ಪಾಲುದಾರರು". ಠೇವಣಿ ಅಲ್ಲದ ಮೇಲೆ ರಿಸರ್ವ್ ಬ್ಯಾಂಕಿನ ವ್ಯಾಪ್ತಿಗೆ ಬರುವುದಿಲ್ಲ ಎಂಬ ವಾದಕ್ಕೆ ಇದೇ ಗುರಾಣಿಯಾಯಿತು. ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಾಡಿದ್ದರ ಹಿಂದೆಯೂ ಈ ಒಂದು ಪದ ಇದೆ.

ಈಗ ಕಾನೂನು ಬದಲಾಗಿದೆ, ಆದರೆ ಈ ಬಿರುಕು ಪೂರ್ತಿ ಮುಚ್ಚಿಲ್ಲ. 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ, ಅಂದರೆ ಬಡ್ಸ್ ಕಾಯ್ದೆ, ನೋಂದಣಿಯಿಲ್ಲದ ಠೇವಣಿಯನ್ನು ಸಾರಾಸಗಟಾಗಿ ನಿಷೇಧಿಸುತ್ತದೆ. ಠೇವಣಿ ಪಡೆದರೆ 2ರಿಂದ 7 ವರ್ಷ, ವಂಚಿಸುವ ಉದ್ದೇಶದಿಂದ ಹಿಂತಿರುಗಿಸದಿದ್ದರೆ 3ರಿಂದ 10 ವರ್ಷ ಜೈಲು. ಆದರೆ ಇದೇ ಕಾಯ್ದೆ ಠೇವಣಿ ಎಂದರೇನು ಎಂದು ವಿವರಿಸುವಾಗ, ಪಾಲುದಾರರು ಬಂಡವಾಳವಾಗಿ ಹಾಕುವ ಹಣವನ್ನು, ಎಲ್‌ಎಲ್‌ಪಿಯೂ ಸೇರಿದಂತೆ, ಹೊರಗಿಟ್ಟಿದೆ. ನ್ಯಾಯಾಲಯ ವ್ಯವಹಾರದ ನಿಜಸ್ವರೂಪ ನೋಡಿ ಇದು ಠೇವಣಿಯೇ ಎಂದು ಹೇಳಬಹುದು, ಆದರೆ ಅಲ್ಲಿಯವರೆಗೆ ವಾದ ನಡೆಯುತ್ತಲೇ ಇರುತ್ತದೆ.

ಎಲ್‌ಎಲ್‌ಪಿ ಕಾಗದ ಕೈಗಿಟ್ಟರೆ ಹೀಗೆ ಪರಿಶೀಲಿಸಿ:

- ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ "ಮಾಸ್ಟರ್ ಡೇಟಾ" ತೆರೆಯಿರಿ. ಶುಲ್ಕವಿಲ್ಲ. ಹುಟ್ಟಿದ ದಿನಾಂಕ, ನಿಯೋಜಿತ ಪಾಲುದಾರರ ಹೆಸರು, ಒಟ್ಟು ಬಂಡವಾಳ ಕಾಣುತ್ತದೆ. ನಿಮ್ಮೊಂದಿಗೆ ಮಾತಾಡುತ್ತಿರುವ "ಯಜಮಾನರ" ಹೆಸರು ಅಲ್ಲಿದೆಯೇ? ಬಂಡವಾಳ ಒಂದು ಲಕ್ಷ ಎಂದಿದ್ದು, ಊರಿನಲ್ಲಿ ಕೋಟಿಗಟ್ಟಲೆ ಎತ್ತುತ್ತಿದ್ದಾರೆಯೇ?
- ಪ್ರತಿ ಹೊಸ ಪಾಲುದಾರ ಸೇರಿದಾಗಲೂ 30 ದಿನದೊಳಗೆ ನಮೂನೆ 4 ಸಲ್ಲಿಸಬೇಕು. ಸಣ್ಣ ಶುಲ್ಕ ಕಟ್ಟಿ ಸಾರ್ವಜನಿಕ ದಾಖಲೆ ತೆಗೆದು ನೋಡಿ. ನಿಮ್ಮ ಹೆಸರು ಇಲ್ಲದಿದ್ದರೆ ನಿಮ್ಮನ್ನು ಪಾಲುದಾರರೆಂದು ಕರೆದಿದ್ದು ಬಾಯಿಮಾತು.
- ನಮೂನೆ 8, ಅಂದರೆ ಲೆಕ್ಕಪತ್ರ, ಪ್ರತಿವರ್ಷ ಅಕ್ಟೋಬರ್ 30ರೊಳಗೆ, ನಮೂನೆ 11 ಮೇ 30ರೊಳಗೆ ಸಲ್ಲಿಕೆಯಾಗಬೇಕು. ವಹಿವಾಟು 40 ಲಕ್ಷ ಅಥವಾ ಬಂಡವಾಳ 25 ಲಕ್ಷ ದಾಟಿದರೆ ಲೆಕ್ಕಪರಿಶೋಧನೆ ಕಡ್ಡಾಯ. ಎರಡು ವರ್ಷದ ನಮೂನೆ 8 ಇಲ್ಲದಿದ್ದರೆ ಮುಂದಕ್ಕೆ ಓದುವ ಅಗತ್ಯವಿಲ್ಲ.
- ಒಪ್ಪಂದದಲ್ಲಿ "ಲಾಭ–ನಷ್ಟ ಎರಡರಲ್ಲೂ ಪಾಲು" ಎಂಬ ಸಾಲು ಹುಡುಕಿ. ಅದು ಇದ್ದೇ ಇರುತ್ತದೆ. ಸಂಸ್ಥೆ ಮುಳುಗಿದಾಗ ಅದಕ್ಕೆ ಸಾಲ ಕೊಟ್ಟವರಿಗೆಲ್ಲ ತೀರಿಸಿ ಉಳಿದರೆ ಮಾತ್ರ ಪಾಲುದಾರರಿಗೆ. ಏಜೆಂಟ್ ಹೇಳಿದ "ಗ್ಯಾರಂಟಿ" ಈ ಸಾಲಿನ ಮುಂದೆ ನಿಲ್ಲುವುದಿಲ್ಲ.

ಖಾಲಿ ಛಾಪಾ ಕಾಗದಕ್ಕೋ, ಇಂಗ್ಲಿಷಿನಲ್ಲಿರುವ ಮೂವತ್ತು ಪುಟಕ್ಕೋ ಅಲ್ಲೇ ಕೂತು ಸಹಿ ಹಾಕಬೇಡಿ. ಪ್ರತಿಯನ್ನು ಮನೆಗೆ ಕೇಳಿ. ಕೊಡುವುದಿಲ್ಲ ಎಂದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

ಹಂತ 3: ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟುಗಳು

ಜಿಎಸ್‌ಟಿ ಸಂಖ್ಯೆ, ಪ್ಯಾನ್ ಕಾರ್ಡು, ಟ್ರೇಡ್ ಲೈಸೆನ್ಸ್, ಉದ್ಯಮ್ ನೋಂದಣಿ, ಐಎಸ್‌ಒ ಪ್ರಮಾಣಪತ್ರ, ಕಂಪನಿ ನೋಂದಣಿ ಪತ್ರ. ಇವೆಲ್ಲ ಚೌಕಟ್ಟು ಹಾಕಿಸಿಕೊಂಡು ಸಾಲಾಗಿ ಗೋಡೆಯ ಮೇಲಿರುತ್ತವೆ, ಜತೆಗೆ ಯಾರಾದರೂ ಮಂತ್ರಿಯ ಪಕ್ಕ ನಿಂತ ಫೋಟೊ. ಇವುಗಳಲ್ಲಿ ಒಂದೂ ಜನರಿಂದ ಹಣ ಸಂಗ್ರಹಿಸಲು ಅನುಮತಿಯಲ್ಲ. ಉದ್ಯಮ್ ನೋಂದಣಿಯನ್ನು ಆಧಾರ್ ಇರುವ ಯಾರಾದರೂ ಕೂತಲ್ಲೇ ಪಡೆಯಬಹುದು.

ನೋಡಬೇಕಾದ್ದು ಬೇರೆ. ಅದನ್ನು ಅವರು ಕೊಟ್ಟ ಜೆರಾಕ್ಸ್‌ನಲ್ಲಿ ಅಲ್ಲ, ನಿಯಂತ್ರಕರ ಜಾಲತಾಣದಲ್ಲೇ ನೋಡಬೇಕು.

ಬ್ಯಾಂಕೇತರ ಹಣಕಾಸು ಸಂಸ್ಥೆ ಎಂದರೆ ರಿಸರ್ವ್ ಬ್ಯಾಂಕಿನ ಪಟ್ಟಿ ತೆರೆಯಿರಿ. ಇಲ್ಲಿ ಎಡವುವವರು ಬಹಳ. ನೋಂದಣಿಯಾದ ಸಂಸ್ಥೆಗಳು ಸಾವಿರಾರು, ಆದರೆ ಸಾರ್ವಜನಿಕ ಠೇವಣಿ ಪಡೆಯಲು ಅನುಮತಿ ಇರುವವು ಬೆರಳೆಣಿಕೆಯಷ್ಟು. ಅದಕ್ಕೆ ಪ್ರತ್ಯೇಕ ಪಟ್ಟಿಯೇ ಇದೆ. "ನಾವು ಆರ್‌ಬಿಐ ರಿಜಿಸ್ಟರ್ಡ್" ಎಂಬುದು ನಿಜವಾಗಿದ್ದೂ ಠೇವಣಿ ಪಡೆಯುವುದು ಅಕ್ರಮವಾಗಿರಬಹುದು.

ಷೇರು, ಟ್ರೇಡಿಂಗ್, ಫಂಡ್ ಎಂದರೆ ಷೇರುಪೇಟೆಯ ನಿಯಂತ್ರಕ ಸೆಬಿಯ ಜಾಲತಾಣ. ಹೂಡಿಕೆ ಸಲಹೆಗಾರರ ನೋಂದಣಿ ಸಂಖ್ಯೆ ಐಎನ್‌ಎ ಅಕ್ಷರಗಳಿಂದ, ಸಂಶೋಧನಾ ವಿಶ್ಲೇಷಕರದ್ದು ಐಎನ್‌ಎಚ್, ಪೋರ್ಟ್‌ಫೋಲಿಯೊ ವ್ಯವಸ್ಥಾಪಕರದ್ದು ಐಎನ್‌ಪಿ, ದಲ್ಲಾಳಿಗಳದ್ದು ಐಎನ್‌ಝಡ್‌ನಿಂದ ಶುರುವಾಗುತ್ತದೆ. ಸಂಖ್ಯೆ ಸರಿಯಿದ್ದರೆ ಸಾಲದು, ಅದು ಯಾರ ಹೆಸರಿನಲ್ಲಿದೆ ಎಂದು ನೋಡಿ. ಬೇರೆಯವರ ಸಂಖ್ಯೆಯನ್ನು ಕದ್ದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವುದು ಈಗಿನ ಸಾಮಾನ್ಯ ತಂತ್ರ. ಸಲಹೆಗಾರ ತೆಗೆದುಕೊಳ್ಳಬೇಕಾದ್ದು ಸಲಹಾ ಶುಲ್ಕ ಮಾತ್ರ, ನಿಮ್ಮ ಹೂಡಿಕೆಯ ಹಣ ಅವರ ಖಾತೆಗೆ ಹೋಗುವಂತಿಲ್ಲ. ಪೋರ್ಟ್‌ಫೋಲಿಯೊ ಸೇವೆಗೆ ಕನಿಷ್ಠ 50 ಲಕ್ಷ, ಪರ್ಯಾಯ ಹೂಡಿಕೆ ನಿಧಿಗೆ ಸಾಮಾನ್ಯವಾಗಿ ಕನಿಷ್ಠ ಒಂದು ಕೋಟಿ ಬೇಕು. ಈ ಹೆಸರು ಹೇಳಿಕೊಂಡು ಐವತ್ತು ಸಾವಿರ ಕೇಳುವವರು ಸುಳ್ಳು ಹೇಳುತ್ತಿದ್ದಾರೆ.

ಕಂಪನಿ ಠೇವಣಿಯಾದರೆ: ಹೊರಗಿನ ಜನರಿಂದ ಠೇವಣಿ ಪಡೆಯಲು ಪಬ್ಲಿಕ್ ಕಂಪನಿಯಾಗಿರಬೇಕು, ನಿವ್ವಳ ಮೌಲ್ಯ 100 ಕೋಟಿ ಅಥವಾ ವಹಿವಾಟು 500 ಕೋಟಿ ಇರಬೇಕು. ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಊರವರಿಂದ ಠೇವಣಿ ಪಡೆಯುವ ದಾರಿಯೇ ಇಲ್ಲ.

ಸೌಹಾರ್ದ ಸಹಕಾರಿ, ಪತ್ತಿನ ಸಹಕಾರ ಸಂಘಗಳ ಬಗ್ಗೆ ಒಂದು ಮಾತು. ಹೆಸರಿನ ಕೆಳಗೆ ಕೌಂಟರು, ಪಾಸ್‌ಬುಕ್ಕು, ಲಾಕರು ಎಲ್ಲ ಇದ್ದರೂ ಅವು ಬ್ಯಾಂಕುಗಳಲ್ಲ. ಬ್ಯಾಂಕ್ ಮುಳುಗಿದರೆ ತಲಾ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಸಹಕಾರ ಸಂಘಕ್ಕೆ ಇಲ್ಲ.

ಹಂತ 4: ಆಸ್ತಿ ತೋರಿಸಿದರೆ ಮೂರನೆಯವರನ್ನು ಕೇಳಿ

2019ರ ಆಗಸ್ಟ್‌ನಲ್ಲಿ ವಿಶೇಷ ತನಿಖಾ ತಂಡ ಬೆಂಗಳೂರಿನ ರಿಚ್ಮಂಡ್ ಟೌನ್‌ನಲ್ಲಿ ಮನ್ಸೂರ್ ಖಾನ್‌ಗೆ ಸೇರಿದ ಕಟ್ಟಡದ ತಾರಸಿಯ ಈಜುಕೊಳದಿಂದ 303 ಕಿಲೊ "ಚಿನ್ನದ" ಬಿಸ್ಕತ್ತು ತೆಗೆಯಿತು. ಅಷ್ಟೂ ನಕಲಿ. ಹೂಡಿಕೆದಾರರಿಗೆ ಸಂಸ್ಥೆಯ ಬಳಿ ಚಿನ್ನವಿದೆ ಎಂದು ನಂಬಿಸಲು ಇವನ್ನು ಬಳಸಿದ್ದರು ಎಂಬುದು ತನಿಖಾ ತಂಡದ ಹೇಳಿಕೆ. ಕಣ್ಣಿಗೆ ಹೊಳೆದ ಮಾತ್ರಕ್ಕೆ ಪುರಾವೆಯಲ್ಲ.

ಇಲ್ಲಿ ನಿಯಂತ್ರಕರೂ ಮುಗ್ಗರಿಸುತ್ತಾರೆ, ಅದೂ ಅಮೆರಿಕದಂಥ ಕಡೆಯಲ್ಲಿ. ಹೂಡಿಕೆದಾರರನ್ನು ವರ್ಷಗಟ್ಟಲೆ ವಂಚಿಸಿದ ಬರ್ನಾರ್ಡ್ ಮೇಡಾಫ್ 2008ರ ಡಿಸೆಂಬರ್‌ನಲ್ಲಿ ಬಂಧನವಾದಾಗ ಗ್ರಾಹಕರ ಖಾತೆಗಳಲ್ಲಿ ಕಾಗದದ ಮೇಲೆ ಇದ್ದದ್ದು ಸುಮಾರು 6,500 ಕೋಟಿ ಡಾಲರ್. ಹ್ಯಾರಿ ಮಾರ್ಕೊಪೊಲೊಸ್ ಎಂಬ ವಿಶ್ಲೇಷಕ 2000ದಿಂದಲೂ ಅಲ್ಲಿನ ಷೇರು ನಿಯಂತ್ರಣ ಆಯೋಗಕ್ಕೆ ಬರೆಯುತ್ತಲೇ ಇದ್ದರು. ಆಯೋಗದ ಪರಿಶೀಲಕರು ಮೇಡಾಫ್ ಕಚೇರಿಗೂ ಹೋಗಿದ್ದರು. ಆದರೆ ಅವರು ನೋಡಿದ್ದು ಮೇಡಾಫ್ ಕೊಟ್ಟ ಕಾಗದಗಳನ್ನೇ. ಷೇರುಗಳನ್ನು ಇಟ್ಟಿರಬೇಕಾದ ಡಿಪಾಸಿಟರಿ ಸಂಸ್ಥೆಯಲ್ಲಿ ಸರಿಯಾಗಿ ವಿಚಾರಿಸಿದ್ದರೆ ಅಲ್ಲಿ ಏನೂ ಇಲ್ಲವೆಂದು ತಿಳಿಯುತ್ತಿತ್ತು. ಅಷ್ಟು ದೊಡ್ಡ ವ್ಯವಹಾರದ ಲೆಕ್ಕಪರಿಶೋಧನೆ ಮಾಡುತ್ತಿದ್ದದ್ದು ನ್ಯೂಯಾರ್ಕಿನ ಹೊರವಲಯದ ಒಂದು ಪುಟ್ಟ ಕಚೇರಿ.

ನೀವು ಮಾಡಬಹುದಾದ್ದು ಇಷ್ಟು. ಜಮೀನು, ಕಟ್ಟಡ ತೋರಿಸಿದರೆ ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಆಸ್ತಿ ಯಾರ ಹೆಸರಿನಲ್ಲಿದೆ, ಬ್ಯಾಂಕಿಗೆ ಅಡವಿದೆಯೇ ಗೊತ್ತಾಗುತ್ತದೆ. ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ನೋಡಿ. ಷೇರು ಎಂದರೆ ಡಿಮ್ಯಾಟ್ ಖಾತೆ ನಿಮ್ಮ ಹೆಸರಿನಲ್ಲೇ ಇರಬೇಕು, ಹೇಳಿಕೆ ನೇರವಾಗಿ ನಮ್ಮ ದೇಶದ ಡಿಪಾಸಿಟರಿಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಿಂದ ನಿಮಗೆ ಬರಬೇಕು. ಅವರ ಆ್ಯಪ್‌ನಲ್ಲಿ ಕಾಣುವ ಅಂಕಿ ಅವರೇ ಟೈಪ್ ಮಾಡಿದ್ದು. ಬ್ಯಾಲೆನ್ಸ್ ಶೀಟ್ ಕೊಟ್ಟರೆ, ಅದರ ಮೇಲೆ ಲೆಕ್ಕಪರಿಶೋಧಕರ ಸಹಿಯೊಂದಿಗೆ 18 ಅಂಕಿ–ಅಕ್ಷರಗಳ ಯುಡಿಐಎನ್ ಸಂಖ್ಯೆ ಇರಬೇಕು. ಲೆಕ್ಕಪರಿಶೋಧಕರ ಸಂಸ್ಥೆಯಾದ ಐಸಿಎಐ ಜಾಲತಾಣದಲ್ಲಿ ಅದನ್ನು ಹಾಕಿದರೆ ಆ ದಾಖಲೆ ಅಸಲಿಯೇ ಎಂದು ನಿಮಿಷದಲ್ಲಿ ತಿಳಿಯುತ್ತದೆ.

ಹಂತ 5: ಈಗಾಗಲೇ ಹಣ ಹಾಕಿದ್ದರೆ, ಅಸಲು ಕೇಳಿ ನೋಡಿ

ಲಾಭ ಬರುತ್ತಿದೆಯೇ ಎಂಬುದು ಪರೀಕ್ಷೆಯಲ್ಲ, ಅಸಲು ಬರುತ್ತದೆಯೇ ಎಂಬುದು ಪರೀಕ್ಷೆ. ಹಾಕಿದ್ದರಲ್ಲಿ ಅರ್ಧ ವಾಪಸ್ ಬೇಕು ಎಂದು ಇಮೇಲ್ ಅಥವಾ ಪತ್ರದಲ್ಲಿ ಕೇಳಿ. ಒಪ್ಪಂದದಲ್ಲಿ ಹೇಳಿದ ಅವಧಿಯೊಳಗೆ ಬ್ಯಾಂಕ್ ಖಾತೆಗೆ ಬಂದರೆ ಸರಿ. ಉಳಿದದ್ದನ್ನೂ ತೆಗೆಯುವುದು ಲೇಸು.

ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ: ಹಬ್ಬ ಮುಗಿಯಲಿ, ಸಾಫ್ಟ್‌ವೇರ್ ಬದಲಾಗುತ್ತಿದೆ, ಆದಾಯ ತೆರಿಗೆಯವರು ಖಾತೆ ತಡೆಹಿಡಿದಿದ್ದಾರೆ, ಈಗ ತೆಗೆದರೆ ಶೇ 20 ಕಡಿತ, ಇನ್ನೊಂದು ಲಕ್ಷ ಹಾಕಿದರೆ ಎಲ್ಲ ಒಟ್ಟಿಗೆ ಬಿಡುಗಡೆ. ಕೊನೆಯದನ್ನು ಕೇಳಿದ ದಿನವೇ ದೂರು ಬರೆಯಿರಿ. ಮುಂದಿನ ದಿನಾಂಕದ ಚೆಕ್ಕು ಕೊಟ್ಟು ಸುಮ್ಮನಾಗಿಸುವುದೂ ಉಂಟು. ಚೆಕ್ಕಿನ ಮೇಲೆ ಬರೆದ ದಿನಾಂಕದಿಂದ ಮೂರು ತಿಂಗಳು ಮಾತ್ರ ಅದು ಊರ್ಜಿತ. ಅಷ್ಟರೊಳಗೆ ಹಾಕಿ. ವಾಪಸಾದರೆ ಬ್ಯಾಂಕಿನ ಮೆಮೊ ಕೈಸೇರಿದ 30 ದಿನದೊಳಗೆ ಚೆಕ್ಕು ಕೊಟ್ಟವರಿಗೆ ನೋಟಿಸ್ ಹೋಗಬೇಕು, ಇಲ್ಲದಿದ್ದರೆ ಚೆಕ್ ಬೌನ್ಸ್ ಮೊಕದ್ದಮೆ ಹೂಡುವ ಹಕ್ಕು ಕಳೆದುಹೋಗುತ್ತದೆ.

ಹಂತ 6: ಹಣ ಬರುತ್ತಿರುವಾಗಲೇ ದೂರು

ಇದು ಜನರಿಗೆ ಒಗ್ಗದ ಮಾತು. ದೂರು ಕೊಟ್ಟರೆ ಸಂಸ್ಥೆ ಮುಚ್ಚುತ್ತದೆ, ನಮ್ಮ ಹಣವೂ ಹೋಗುತ್ತದೆ ಎಂಬ ಭಯ. ಆದರೆ ಮುಳುಗುವ ಸಂಸ್ಥೆ ಒಂದು ವರ್ಷ ತಡವಾಗಿ ಮುಳುಗಿದರೆ ಆ ವರ್ಷದ ಲಾಭ, ಕಮಿಷನ್, ಐಷಾರಾಮ ಎಲ್ಲವೂ ಹೋಗುವುದು ಹಂಚಿಕೆಗೆ ಉಳಿಯಬೇಕಿದ್ದ ಹಣದಿಂದಲೇ.

ಎಲ್ಲಿಗೆ ಬರೆಯಬೇಕು? ಒಂದೇ ಕಚೇರಿಗೆ ಬರೆದರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಬರಬಹುದು. ಆದ್ದರಿಂದ ಒಂದೇ ಪತ್ರವನ್ನು ಏಕಕಾಲಕ್ಕೆ ಮೂರು ಕಡೆ ಕಳಿಸಿ, ಪ್ರತಿಯೊಂದರಲ್ಲೂ ಉಳಿದ ಎರಡರ ಹೆಸರನ್ನು ಕೆಳಗೆ ನಮೂದಿಸಿ. ಯಾರಿಗೂ ನುಣುಚಿಕೊಳ್ಳಲು ಸುಲಭವಾಗುವುದಿಲ್ಲ.

ಮೊದಲನೆಯದು ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್. 2016ರ ಆಗಸ್ಟ್‌ನಲ್ಲಿ ಶುರುವಾದ ಇದು ಅಕ್ರಮ ಠೇವಣಿಗಳ ದೂರಿಗೆಂದೇ ಇರುವುದು. ರಾಜ್ಯದ ಸಮನ್ವಯ ಸಮಿತಿಯ ಎಲ್ಲ ನಿಯಂತ್ರಕರಿಗೂ ಇದರ ಮೂಲಕ ದೂರು ತಲುಪಿಸಬಹುದು. ಸಿಕ್ಕ ದೂರು ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಎರಡನೆಯದು ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿ. ಜನರ ಠೇವಣಿ ಮುಳುಗಿಸಿದ ವಿನಿವಿಂಕ್ ಸಂಸ್ಥೆಯ ಹೆಸರು ಕೇಳಿದ ಹಳಬರಿಗೆ ನೆನಪಿರಬಹುದು, ಕರ್ನಾಟಕದಲ್ಲಿ ಠೇವಣಿದಾರರ ಹಿತಾಸಕ್ತಿ ರಕ್ಷಿಸಲು 2004ರ ರಾಜ್ಯ ಕಾಯ್ದೆಯೇ ಇದೆ. ಕಚೇರಿಗಳಲ್ಲಿ ಇದನ್ನು ಕೆಪಿಐಡಿ ಕಾಯ್ದೆ ಎನ್ನುತ್ತಾರೆ. ಆಸ್ತಿ ಜಪ್ತಿ, ಜಪ್ತಿಯಾದದ್ದನ್ನು ಹೂಡಿಕೆದಾರರಿಗೆ ಹಂಚುವ ಸಕ್ಷಮ ಪ್ರಾಧಿಕಾರ, ವಿಶೇಷ ನ್ಯಾಯಾಲಯ ಎಲ್ಲವೂ ಇದರಡಿ ಬರುತ್ತವೆ. ಪತ್ರವನ್ನು ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕಲು ಸತಾಯಿಸಿದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಮೂರನೆಯದು ವ್ಯವಹಾರಕ್ಕೆ ತಕ್ಕ ಕಚೇರಿ. ಎಲ್‌ಎಲ್‌ಪಿ ಅಥವಾ ಕಂಪನಿಯಾದರೆ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಕಂಪನಿಗಳ ರಿಜಿಸ್ಟ್ರಾರ್. ಚೀಟಿ ವ್ಯವಹಾರ, ಸಹಕಾರ ಸಂಘವಾದರೆ ಸಹಕಾರ ಇಲಾಖೆ. ಜನರ ಹಣ ಒಟ್ಟುಗೂಡಿಸಿ ತೋಟ, ಪ್ಲಾಟು, ಷೇರಿನಲ್ಲಿ ಹಾಕುತ್ತೇವೆ ಎನ್ನುವವರಾದರೆ ಸೆಬಿ. ಸೆಬಿಯ ಸ್ಕೋರ್ಸ್ ವ್ಯವಸ್ಥೆ ನೋಂದಾಯಿತ ಸಂಸ್ಥೆಗಳ ಮೇಲಿನ ದೂರಿಗೆ ಇರುವುದು. ನೋಂದಣಿಯೇ ಇಲ್ಲದವರ ವಿರುದ್ಧ ನೇರವಾಗಿ ಸೆಬಿ ಕಚೇರಿಗೆ ಬರೆಯಿರಿ.

ಪತ್ರ ಒಂದು ಪುಟ ಮೀರಬಾರದು. ಹೀಗಿದ್ದರೆ ಸಾಕು:

"ವಿಷಯ: (ಸಂಸ್ಥೆಯ ಹೆಸರು, ವಿಳಾಸ, ನೋಂದಣಿ ಸಂಖ್ಯೆ) ಸಾರ್ವಜನಿಕರಿಂದ ಅನಿಯಂತ್ರಿತವಾಗಿ ಹಣ ಸಂಗ್ರಹಿಸುತ್ತಿರುವ ಬಗ್ಗೆ. ಸದರಿ ಸಂಸ್ಥೆ ತಿಂಗಳಿಗೆ ಶೇ __ ಖಚಿತ ಲಾಭದ ಭರವಸೆ ನೀಡಿ ಹಣ ಪಡೆಯುತ್ತಿದೆ. ನಾನು ದಿನಾಂಕ __ ರಂದು ರೂ __ ಪಾವತಿಸಿದ್ದೇನೆ, ವಹಿವಾಟು ಸಂಖ್ಯೆ __. ರಿಸರ್ವ್ ಬ್ಯಾಂಕ್ ಮತ್ತು ಸೆಬಿ ಪಟ್ಟಿಗಳಲ್ಲಿ ಈ ಸಂಸ್ಥೆಯ ಹೆಸರು ಕಂಡುಬಂದಿಲ್ಲ. ಸಂಸ್ಥೆಯ ಬ್ಯಾಂಕ್ ಖಾತೆ ಸಂಖ್ಯೆ __. ಕೆಪಿಐಡಿ ಕಾಯ್ದೆ 2004 ಹಾಗೂ ಬಡ್ಸ್ ಕಾಯ್ದೆ 2019ರಡಿ ವಿಚಾರಣೆ ನಡೆಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಲು ಕೋರುತ್ತೇನೆ."

ಸಂಸ್ಥೆಯ ಬ್ಯಾಂಕ್ ಖಾತೆ ಸಂಖ್ಯೆ ಬರೆಯುವುದನ್ನು ಮರೆಯಬೇಡಿ. ಅಧಿಕಾರಿ ಮನಸ್ಸು ಮಾಡಿದರೆ ಮೊದಲು ತಡೆಹಿಡಿಯಬಹುದಾದ್ದು ಅದನ್ನೇ. "ಮೋಸಗಾರ", "ಕಳ್ಳ" ಎಂಬ ಪದಗಳು ಬೇಡ. ಅವು ದೂರಿಗೆ ಬಲ ತರುವುದಿಲ್ಲ, ನಿಮ್ಮ ಮೇಲೆ ಮಾನನಷ್ಟದ ನೋಟಿಸ್ ತರಬಹುದು.

ತಿಂಗಳಾದರೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದದೊಳಗಿರಬೇಕು. "ಏಕೆ ಕ್ರಮ ಕೈಗೊಂಡಿಲ್ಲ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. "ದಿನಾಂಕ __ ರ ನನ್ನ ದೂರಿನ ಮೇಲಿನ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ" ಎಂದು ಕೇಳಿ. ಟಿಪ್ಪಣಿ ಹಾಳೆಯಲ್ಲಿ ಯಾವ ಅಧಿಕಾರಿ ಯಾವ ದಿನ ಏನು ಬರೆದರು ಎಂಬುದು ಇರುತ್ತದೆ. ಮುಂದೆ ಯಾರಾದರೂ ಎಲ್ಲ ಸರಿಯಿದೆ ಎಂದು ವರದಿ ಕೊಟ್ಟರೆ ನಿಮ್ಮ ದೂರು ಅದೇ ಕಡತದಲ್ಲಿ ಅದಕ್ಕೆ ಎದುರಾಗಿ ಕೂತಿರುತ್ತದೆ.

ನೀವೇ ನಾಲ್ಕು ಜನರನ್ನು ಸೇರಿಸಿ ಕಮಿಷನ್ ಪಡೆದಿದ್ದರೆ ಮೊದಲು ವಕೀಲರನ್ನು ನೋಡಿ. ಅನಿಯಂತ್ರಿತ ಠೇವಣಿಗೆ ಜನರನ್ನು ಕರೆಯುವುದೇ ಬಡ್ಸ್ ಕಾಯ್ದೆಯಡಿ ಅಪರಾಧ, 1ರಿಂದ 5 ವರ್ಷ ಜೈಲು.

ಹಂತ 7: ಬಾಗಿಲು ಮುಚ್ಚಿದ ಮೇಲೆ

ಹಣ ಯುಪಿಐ ಅಥವಾ ಆನ್‌ಲೈನ್‌ನಲ್ಲಿ ಇತ್ತೀಚೆಗಷ್ಟೇ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗಂಟೆಗಳ ಲೆಕ್ಕದಲ್ಲಿ ಕೆಲಸವಾದರೆ ಮಾತ್ರ ಹಣ ತಡೆಯಲು ಸಾಧ್ಯ. ಹಳೆಯ ಹೂಡಿಕೆಗೆ ಈ ಅವಸರ ಬೇಡ, ಆದರೆ ಸಾಕ್ಷ್ಯಕ್ಕೆ ಬೇಕು. ಅವರ ಆ್ಯಪ್, ಜಾಲತಾಣ ಎರಡು ಮೂರು ದಿನದಲ್ಲಿ ಕಣ್ಮರೆಯಾಗುತ್ತದೆ. ಅಂದೇ ಎಲ್ಲ ಪುಟಗಳ ಸ್ಕ್ರೀನ್‌ಶಾಟ್ ತೆಗೆಯಿರಿ, ವಾಟ್ಸ್‌ಆ್ಯಪ್ ಸಂಭಾಷಣೆ ಎಕ್ಸ್‌ಪೋರ್ಟ್ ಮಾಡಿ, ಆ ಫೋನನ್ನು ಮಾರಬೇಡಿ, ರಿಸೆಟ್ ಮಾಡಬೇಡಿ. ಸಿಟ್ಟಿನಲ್ಲಿ ಗುಂಪಿನಿಂದ ಹೊರಬರಬೇಡಿ. ಬ್ಯಾಂಕಿನಿಂದ ಮೊಹರು ಹಾಕಿದ ಹೇಳಿಕೆ ಪಡೆಯಿರಿ, ಹೂಡಿಕೆಯ ಮೊದಲ ದಿನದಿಂದ ಇಂದಿನವರೆಗೆ.

ಪೊಲೀಸ್ ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ವ್ಯಾಪ್ತಿ ಬೇರೆಯಾದರೆ ಶೂನ್ಯ ಸಂಖ್ಯೆಯಲ್ಲಿ ದಾಖಲಿಸಿ ವರ್ಗಾಯಿಸಬೇಕು. ಎಫ್‌ಐಆರ್ ಪ್ರತಿ ಉಚಿತ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ದೂರಿನಲ್ಲಿ ವಂಚನೆಯ ಜತೆಗೆ ಕೆಪಿಐಡಿ ಮತ್ತು ಬಡ್ಸ್ ಕಾಯ್ದೆಗಳನ್ನೂ ಹೆಸರಿಸಿ. ಬರೀ ವಂಚನೆ ಎಂದು ದಾಖಲಾದರೆ ಆರೋಪಿಗೆ ಶಿಕ್ಷೆಯಾಗಬಹುದು, ಆಸ್ತಿ ಜಪ್ತಿ ಮಾಡಿ ಹಂಚುವ ದಾರಿ ತೆರೆಯುವುದು ಈ ಕಾಯ್ದೆಗಳಿಂದ.

ಪೊಲೀಸ್ ದೂರು ಕೊಟ್ಟ ಮಾತ್ರಕ್ಕೆ ಹಂಚಿಕೆ ಪಟ್ಟಿಯಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಸಕ್ಷಮ ಪ್ರಾಧಿಕಾರ ಕರೆದಾಗ ಪ್ರತ್ಯೇಕ ಕ್ಲೇಮು ಸಲ್ಲಿಸಬೇಕು. ಐಎಂಎ ವಿಷಯದಲ್ಲಿ ಸಂಸ್ಥೆ ಮುಚ್ಚಿದ್ದು 2019ರ ಜೂನ್‌ನಲ್ಲಿ, ಕ್ಲೇಮಿಗೆ ಆಹ್ವಾನ ಬಂದದ್ದು 2020ರ ನವೆಂಬರ್ 25ರಿಂದ ಒಂದು ತಿಂಗಳು, ಆನ್‌ಲೈನ್‌ನಲ್ಲಿ. ದೂರು ಕೊಟ್ಟಿದ್ದೇವಲ್ಲ ಎಂದು ಸುಮ್ಮನೆ ಕುಳಿತವರಿಗೆ ಒಂದೂವರೆ ವರ್ಷದ ನಂತರ ಬಂದ ಆ ಒಂದು ತಿಂಗಳು ಗೊತ್ತಾಗದೇ ಹೋಗಬಹುದು. ಪತ್ರಿಕಾ ಪ್ರಕಟಣೆ ಗಮನಿಸುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ. ಮೊಬೈಲ್ ಸಂಖ್ಯೆ ಬದಲಿಸಬೇಡಿ, ಕ್ಲೇಮಿಗೆ ಜೋಡಿಸಿದ ಬ್ಯಾಂಕ್ ಖಾತೆ ಮುಚ್ಚಬೇಡಿ. ಹೂಡಿಕೆದಾರರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಪಡೆದು, ವಂಶವೃಕ್ಷವನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಡಿ.

ಕ್ಲೇಮಿನ ಲೆಕ್ಕ ಬಹಳ ಜನರಿಗೆ ಆಘಾತ ತರುತ್ತದೆ. ಸಾಮಾನ್ಯವಾಗಿ ನೋಡುವುದು ನೀವು ಕೈಯಿಂದ ಹಾಕಿದ್ದೆಷ್ಟು, ಕೈಗೆ ಬಂದದ್ದೆಷ್ಟು. 5 ಲಕ್ಷ ಹಾಕಿ, ತಿಂಗಳಿಗೆ 15,000ದಂತೆ 20 ತಿಂಗಳು ಪಡೆದವರ ಬಾಕಿ 5 ಲಕ್ಷವಲ್ಲ, 2 ಲಕ್ಷ. ಲಾಭವನ್ನು ಅಲ್ಲೇ ಸೇರಿಸುತ್ತಾ ಹೋಗಿ ಸರ್ಟಿಫಿಕೇಟಿನಲ್ಲಿ 9 ಲಕ್ಷ ಎಂದಿದ್ದರೂ ಕೈಯಿಂದ ಹೋದದ್ದು 5 ಲಕ್ಷವಾದರೆ ಲೆಕ್ಕಕ್ಕೆ ಬರುವುದು 5 ಲಕ್ಷವೇ. ಸಿಕ್ಕ ಆಸ್ತಿ ಒಟ್ಟು ಬಾಕಿಯ ಶೇ 10ರಷ್ಟಿದ್ದರೆ, 2 ಲಕ್ಷ ಬಾಕಿಯವರಿಗೆ 20,000. ನಗದಾಗಿ ಕೊಟ್ಟು ರಸೀದಿ ಇಲ್ಲದವರ ಸ್ಥಿತಿ ಎಲ್ಲರಿಗಿಂತ ಕಷ್ಟ. ಆ ದಿನ ಬ್ಯಾಂಕಿನಿಂದ ಹಣ ತೆಗೆದ ದಾಖಲೆ, ಚಿನ್ನ ಅಡವಿಟ್ಟ ಚೀಟಿ, ಏಜೆಂಟ್ "ಹಣ ತಲುಪಿತು" ಎಂದು ಕಳಿಸಿದ ಸಂದೇಶ, ಇವನ್ನೆಲ್ಲ ಒಟ್ಟಿಗೆ ಲಗತ್ತಿಸಿ. ಪಡೆದ ಲಾಭವನ್ನು ಮುಚ್ಚಿಡಬೇಡಿ. ಸಂಸ್ಥೆಯ ಸರ್ವರ್ ತನಿಖಾಧಿಕಾರಿಗಳ ಕೈಯಲ್ಲಿರುತ್ತದೆ, ಅಂಕಿ ತಾಳೆಯಾಗದಿದ್ದರೆ ನಿಮ್ಮ ಅರ್ಜಿ ವಿವಾದದ ರಾಶಿಗೆ ಸೇರುತ್ತದೆ.

ಕ್ಲೇಮು ಹಾಕಿದ ಮೇಲೆ ಇನ್ನೊಂದು ಗುಂಪು ಫೋನ್ ಮಾಡಲು ಶುರುಮಾಡುತ್ತದೆ. ಹೂಡಿಕೆದಾರರ ಪಟ್ಟಿ, ಮೊತ್ತ, ಮೊಬೈಲ್ ಸಂಖ್ಯೆ ಎಲ್ಲವೂ ಅವರ ಬಳಿ ಇರುತ್ತದೆ. "ವಿಶೇಷ ನ್ಯಾಯಾಲಯದಿಂದ ನಿಮ್ಮ ಹಣ ಮಂಜೂರಾಗಿದೆ, ಪ್ರಕ್ರಿಯಾ ಶುಲ್ಕ 4,500 ಕಟ್ಟಿ" ಎನ್ನುತ್ತಾರೆ, ಇಲ್ಲವೇ ಒಟಿಪಿ ಕೇಳುತ್ತಾರೆ. ಸಕ್ಷಮ ಪ್ರಾಧಿಕಾರ ಹಣ ಹಂಚುವಾಗ ನಿಮ್ಮಿಂದ ಮುಂಗಡ ಕೇಳುವುದಿಲ್ಲ, ಹಣ ನೇರ ಖಾತೆಗೆ ಜಮೆಯಾಗುತ್ತದೆ. ಇಂಥ ಕರೆ ಬಂದರೆ ಸಂಖ್ಯೆ, ದಿನಾಂಕ ಬರೆದುಕೊಂಡು 1930ಕ್ಕೆ ತಿಳಿಸಿ, ಒಂದು ಪ್ರತಿಯನ್ನು ಸಕ್ಷಮ ಪ್ರಾಧಿಕಾರದ ಕಚೇರಿಗೂ ಕಳಿಸಿ.